ಸ್ವಿಚ್ ಆಫ್ ಇದ್ದರೂ ಟೆಸ್ಟರ್ ಮಿಣುಗುವ ಪಾಯಿಂಟಿಗೆ ಹೊಸ ಲೈಟ್ ಕೂರಿಸಬಹುದೇ?

ಪ್ರಶ್ನೆ: ನಮ್ಮದು ಕುಮಟಾ ಹತ್ತಿರ 1988ರಲ್ಲಿ ಕಟ್ಟಿದ ತಾರಸಿ ಮನೆ. ಸಮುದ್ರ ಹತ್ತಿರದಲ್ಲೇ ಇದೆ. ಹಾಲಿನ ಸ್ಲ್ಯಾಬಿಗೆ ಹಾಕಿದ್ದ ಹಳೆಯ ಗಾಜಿನ ಡೂಮ್ ತೆಗೆದು, ಅಲ್ಲಿ 18 ವಾಟಿನ ಎಲ್‌ಇಡಿ ಪ್ಯಾನೆಲ್ ಹಾಕಬೇಕೆಂದು ತಂದಿಟ್ಟಿದ್ದೇನೆ. ಡೂಮಿನೊಳಗೆ 60 ವಾಟಿನ ಹಳೇ ಬಲ್ಬಿತ್ತು. ಹೋಲ್ಡರ್ ಬಿಚ್ಚಿದರೆ ಮೇಲಿಂದ ಬಂದಿರುವುದು ಎರಡೇ ವೈರ್, ಎರಡೂ ಕಪ್ಪು. ಹೊಸ ಲೈಟಿಗೆ ಕೆಂಪು, ಕಪ್ಪು, ಹಸಿರು ಮೂರು ವೈರ್ ಇವೆ. ಸ್ವಿಚ್ ಆಫ್ ಮಾಡಿ ಟೆಸ್ಟರ್ ಇಟ್ಟರೂ ಒಂದು ವೈರಿನಲ್ಲಿ ಮಂದವಾಗಿ ಬೆಳಕು ಕಾಣುತ್ತದೆ. ಮಳೆಗಾಲದಲ್ಲಿ ಆ ಜಾಗದ ಸುತ್ತ ಸ್ಲ್ಯಾಬ್ ಒದ್ದೆಯಾಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ. ಇದನ್ನು ನಾನೇ ಮಾಡಿಕೊಳ್ಳಬಹುದೇ? ಹಸಿರು ವೈರನ್ನು ಎಲ್ಲಿಗೆ ಕೊಡಲಿ?

ಉತ್ತರ: ಮಾಡಿಕೊಳ್ಳಬಹುದು, ಆದರೆ ಇವತ್ತೇ ಅಲ್ಲ. ಲೈಟ್ ಕೂರಿಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮೊದಲು ಆ ಎರಡು ಕಪ್ಪು ವೈರ್‌ಗಳಲ್ಲಿ ಯಾವುದು ಫೇಸ್ (ಕರೆಂಟ್ ಬರುವ ವೈರ್), ಯಾವುದು ನ್ಯೂಟ್ರಲ್ (ಅದು ಹಿಂದಿರುಗುವ ವೈರ್), ಸ್ವಿಚ್ ಕಡಿಯುವುದು ಇವೆರಡರಲ್ಲಿ ಯಾವುದನ್ನು ಎಂಬುದು ಖಚಿತವಾಗಬೇಕು. ಟೆಸ್ಟರಿನ ಆ ಮಂದ ಬೆಳಕನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. "ಸ್ವಲ್ಪ ತಾನೇ" ಎಂದು ಟೇಪ್ ಸುತ್ತಿ ಮುಗಿಸುವವರೇ ಹೆಚ್ಚು. ಆ ಬೆಳಕಿಗೆ ಕಾರಣ ಏನೂ ಅಪಾಯವಿಲ್ಲದ್ದೂ ಇರಬಹುದು, ಮುಂದಿನ ಸಲ ಏಣಿ ಹತ್ತಿದವರನ್ನು ಕೆಡವುವಂಥದ್ದೂ ಇರಬಹುದು. ಎರಡನ್ನೂ ಬೇರ್ಪಡಿಸಿ ತಿಳಿಯುವ ಸುಲಭ ದಾರಿ ಇದೆ, ಅದಕ್ಕೆ ಬೇಕಾದ ಸಾಮಾನು ನಿಮ್ಮ ಕೈಯಲ್ಲೇ ಇದೆ. ಬಿಚ್ಚಿದ ಆ 60 ವಾಟಿನ ಬಲ್ಬನ್ನು ಎಸೆಯಬೇಡಿ.

ನಿಯಮದ ಮಾತು ಮೊದಲೇ ಹೇಳಿಬಿಡುತ್ತೇನೆ. ಇರುವ ಪಾಯಿಂಟಿನಲ್ಲೇ ಲೈಟು, ಫ್ಯಾನು, ಸ್ವಿಚ್ಚು ಬದಲಿಸಿಕೊಳ್ಳಲು ಮನೆಯವರಿಗೆ ಅಡ್ಡಿಯಿಲ್ಲ. ಹೊಸ ವೈರ್ ಎಳೆಯುವುದು, ಪಾಯಿಂಟ್ ಸೇರಿಸುವುದು, ಮೇನ್ ಬೋರ್ಡಿಗೆ ಕೈ ಹಾಕುವುದು ಪರವಾನಗಿ ಇರುವ ಗುತ್ತಿಗೆದಾರರ ಕೆಲಸ. ನಿಮ್ಮ ಮನೆಯ ಸ್ಥಿತಿ ಕೇಳಿದರೆ, ಅರ್ಧ ಭಾಗ ನೀವು ಮಾಡಿ ಇನ್ನರ್ಧಕ್ಕೆ ಎಲೆಕ್ಟ್ರಿಷಿಯನ್ ಕರೆಯಬೇಕಾಗಿ ಬರುವ ಸಾಧ್ಯತೆಯೇ ಹೆಚ್ಚು. ಯಾವ ಅರ್ಧ ಯಾರದ್ದು ಎಂಬುದು ಮುಂದೆ ಓದುತ್ತ ಹೋದಂತೆ ತಿಳಿಯುತ್ತದೆ.

ಕರೆಂಟ್ ತೆಗೆಯುವುದು ಅಂದರೆ ನಿಮ್ಮ ಮನೆಯಲ್ಲಿ ಎರಡು ಕಡೆ ತೆಗೆಯಬೇಕು. ಹೆಚ್ಚಿನ ಮನೆಗಳಲ್ಲಿ ಹಾಲಿನ ಲೈಟು, ಫ್ಯಾನು ಇನ್ವರ್ಟರ್ ಲೈನಿನಲ್ಲಿರುತ್ತವೆ. ನೀವು ಮೇನ್ ಇಳಿಸಿದ ಕೂಡಲೇ ಇನ್ವರ್ಟರ್ ಅದನ್ನು "ಕರೆಂಟ್ ಹೋಯಿತು" ಎಂದೇ ತಿಳಿದು, ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಮೇನ್ ಇಳಿಸಿಯೇ ಹತ್ತಿದ್ದೆ, ಆದರೂ ಹೊಡೆಯಿತು ಎನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಬರೀ ಇನ್ವರ್ಟರ್ ಆಫ್ ಮಾಡಿದರೂ ಸಾಲದು. ಅದು ಆಫ್ ಇದ್ದಾಗ ಮೇನ್ ಕರೆಂಟನ್ನು ಹಾಗೇ ದಾಟಿಸುವ ಮಾದರಿಗಳೇ ಹೆಚ್ಚು. ಮೊದಲು ಇನ್ವರ್ಟರಿನ ಮುಂದಿನ ಸ್ವಿಚ್ ಆಫ್, ಆಮೇಲೆ ಮೇನ್ ಆಫ್. ಮೇನಿನ ಮೇಲೆ "ಕೆಲಸ ನಡೆದಿದೆ, ಹಾಕಬೇಡಿ" ಎಂಬ ಚೀಟಿ ಅಂಟಿಸಿ, ಮನೆಯವರಿಗೆ ಬಾಯಿಮಾತಿನಲ್ಲೂ ಹೇಳಿಡಿ. ಮುಂದೆ "ಎರಡೂ ಆಫ್" ಎಂದು ಬರೆದ ಕಡೆಯೆಲ್ಲ ಇದೇ ಅರ್ಥ.

ಈಗ ಟೆಸ್ಟರಿನ ವಿಷಯ. ಟೆಸ್ಟರಿನ ಪುಟ್ಟ ನಿಯಾನ್ ದೀಪ ಬೆಳಗುವುದು ನಿಮ್ಮ ಮೈಯ ಮೂಲಕ ನೆಲಕ್ಕೆ ಹರಿಯುವ ಅತಿ ಸಣ್ಣ ಕರೆಂಟಿನಿಂದ. ಹಾಗಾಗಿ ಅದು ಎಷ್ಟು ಬೆಳಗುತ್ತದೆ ಎಂಬುದು ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೂ ನಿಂತಿದೆ. ಒಣ ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಅಸಲಿ ಫೇಸ್ ಕೂಡ ಮಂಕಾಗಿ ಕಾಣಬಹುದು. ಹಗಲು ಬೆಳಕಿನಲ್ಲಿ ಕಾಣಿಸದೆಯೂ ಹೋಗಬಹುದು. ಟೆಸ್ಟರ್ ಉರಿಯಲಿಲ್ಲ ಎಂದ ಮಾತ್ರಕ್ಕೆ ವೈರ್ ಸತ್ತಿದೆ ಎಂದು ನಂಬಬಾರದು, ಉರಿಯಿತು ಎಂದ ಮಾತ್ರಕ್ಕೆ ಪೂರ್ತಿ ಫೇಸ್ ಇದೆ ಎಂದೂ ಅಲ್ಲ. ಏಣಿ ಹತ್ತುವ ಮೊದಲು ಒಮ್ಮೆ, ಇಳಿದ ಮೇಲೆ ಒಮ್ಮೆ, ಕರೆಂಟ್ ಇರುವುದು ಗ್ಯಾರಂಟಿ ಇರುವ ಸಾಕೆಟ್ಟಿನಲ್ಲಿ ಟೆಸ್ಟರ್ ಇಟ್ಟು ಅದೇ ಸರಿಯಿದೆಯೇ ನೋಡಿಕೊಳ್ಳಿ. ಮಳೆಗಾಲದಲ್ಲಿ ತೇವ ಹಿಡಿದ ಟೆಸ್ಟರನ್ನು ಮುಟ್ಟಲೇಬೇಡಿ, ಅದರೊಳಗಿನ ರೆಸಿಸ್ಟರ್ ಒಂದೇ ನಿಮ್ಮ ಮತ್ತು ಫೇಸಿನ ನಡುವೆ ಇರುವುದು.

ಮೊದಲ ಪರೀಕ್ಷೆ ಹೀಗೆ. ಎರಡು ವೈರ್ ತುದಿಗಳನ್ನು ದೂರ ದೂರ ಬಾಗಿಸಿ, ಕರೆಂಟ್ ಹಾಕಿಸಿ, ಒಂದೇ ಜಾಗದಲ್ಲಿ ನಿಂತು ಆ ಮಿಣುಗುವ ವೈರಿಗೆ ಟೆಸ್ಟರ್ ಇಡಿ. ಕೆಳಗಿದ್ದವರಿಗೆ ಸ್ವಿಚ್ ಆನ್, ಆಫ್ ಮಾಡಲು ಹೇಳಿ. ಆನ್ ಮಾಡಿದಾಗ ಬೆಳಕು ಒಮ್ಮೆಗೇ ಏರಿ, ಆಫ್ ಮಾಡಿದಾಗ ಮಂದಕ್ಕೆ ಇಳಿದರೆ ಸ್ವಿಚ್ ಇರುವುದು ಫೇಸಿನಲ್ಲೇ. ಆನಿಗೂ ಆಫಿಗೂ ಏನೂ ವ್ಯತ್ಯಾಸವಿಲ್ಲದಿದ್ದರೆ ಆ ವೈರಿನಲ್ಲಿ ಸದಾ ಫೇಸ್ ಇದೆ, ನಿಮ್ಮ ಸ್ವಿಚ್ ಕಡಿಯುತ್ತಿರುವುದು ನ್ಯೂಟ್ರಲನ್ನು.

ಎರಡನೆಯದು ಬಲ್ಬಿನ ಪರೀಕ್ಷೆ. ಎರಡೂ ಆಫ್ ಮಾಡಿ, ಹಳೇ ಹೋಲ್ಡರನ್ನು ಕನೆಕ್ಟರ್ ಮೂಲಕ ಆ ಎರಡು ವೈರಿಗೆ ಜೋಡಿಸಿ, 60 ವಾಟಿನ ಬಲ್ಬ್ ಹಾಕಿ, ಕರೆಂಟ್ ಕೊಟ್ಟು, ಗೋಡೆಯ ಸ್ವಿಚ್ ಆಫ್ ಇಟ್ಟುಕೊಂಡೇ ಎರಡೂ ವೈರಿಗೆ ಟೆಸ್ಟರ್ ಇಡಿ. ಮಂದ ಬೆಳಕು ಪೂರ್ತಿ ಮಾಯವಾದರೆ ಅದು ಪಕ್ಕದ ವೈರಿನಿಂದ ಹಾರಿ ಬಂದ ವೋಲ್ಟೇಜು. ಒಂದೇ ಪೈಪಿನಲ್ಲಿ ಸದಾ ಫೇಸ್ ಇರುವ ವೈರೊಂದು ಈ ಸ್ವಿಚ್ ವೈರಿನ ಜೊತೆಯಲ್ಲೇ ಹತ್ತಾರು ಅಡಿ ಸಾಗಿದರೆ, ನಡುವೆ ಏನೂ ತಾಗದಿದ್ದರೂ ಮಿಲಿಆಂಪಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಕರೆಂಟ್ ದಾಟುತ್ತದೆ. ಟೆಸ್ಟರ್ ಬೆಳಗಲು ಅಷ್ಟು ಸಾಕು. ತಣ್ಣಗಿರುವ ಫಿಲಮೆಂಟಿನ ರೆಸಿಸ್ಟೆನ್ಸ್ ನೂರು ಓಮ್ ಕೂಡ ಇರುವುದಿಲ್ಲ. ಇಷ್ಟು ಕರೆಂಟು ಅದರಲ್ಲಿ ಸದ್ದಿಲ್ಲದೆ ನ್ಯೂಟ್ರಲಿಗೆ ಹರಿದುಹೋಗುತ್ತದೆ. ಈ ಪರೀಕ್ಷೆಗೆ ಎಲ್‌ಇಡಿ ಬಲ್ಬ್ ಕೆಲಸಕ್ಕೆ ಬಾರದು, ಫಿಲಮೆಂಟಿನದೇ ಬೇಕು.

ಬಲ್ಬ್ ಹಾಕಿದ ಮೇಲೆ ಎರಡೂ ವೈರಿನಲ್ಲಿ ಟೆಸ್ಟರ್ ಜೋರಾಗಿ ಬೆಳಗಿತು ಅನ್ನಿ. ಆಗ ಎರಡರಲ್ಲೊಂದು. ಸ್ವಿಚ್ ಆನ್ ಮಾಡಿದಾಗ ಬಲ್ಬ್ ಸರಿಯಾಗಿ ಉರಿದರೆ, ಮೊದಲು ಹೇಳಿದ ಹಾಗೆ ಸ್ವಿಚ್ ನ್ಯೂಟ್ರಲಿನಲ್ಲಿದೆ. ಉರಿಯದೇ ಇದ್ದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ. ನ್ಯೂಟ್ರಲ್ ಕಡಿದದ್ದು ಮನೆಯೊಳಗಾದರೆ ಎಲೆಕ್ಟ್ರಿಷಿಯನ್ ಹುಡುಕುತ್ತಾರೆ. ಮನೆಯ ಎಲ್ಲ ಲೈಟೂ ಒಮ್ಮೆ ಮಂಕು, ಒಮ್ಮೆ ಪ್ರಖರ ಆಗುತ್ತಿದ್ದರೆ ತೊಂದರೆ ಕಂಬದ ಕಡೆಗಿದೆ. ಮೇನ್ ಇಳಿಸಿ ತಕ್ಷಣ ಹೆಸ್ಕಾಂಗೆ 1912ಕ್ಕೆ ಫೋನ್ ಮಾಡಿ. ಆ ಸ್ಥಿತಿಯಲ್ಲಿ 230ರ ಬದಲು 300, 350 ವೋಲ್ಟ್ ಬಂದು ಫ್ರಿಜ್ಜು, ಟಿವಿ ಎಲ್ಲ ಸುಟ್ಟುಹೋಗುತ್ತವೆ.

ಸ್ವಿಚ್ ನ್ಯೂಟ್ರಲಿನಲ್ಲಿದ್ದರೆ ಲೈಟ್ ಉರಿಯುತ್ತದೆ, ಆರುತ್ತದೆ, ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಬಲ್ಬ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದ ಧೈರ್ಯದಲ್ಲಿ ಹೋಲ್ಡರಿನ ಹಿತ್ತಾಳೆಯ ಪಿನ್ನಿಗೆ ಬೆರಳು ತಾಗಿದಾಗ ತಿಳಿಯುತ್ತದೆ. ಇದನ್ನು ಸರಿಪಡಿಸದೆ ಹೊಸ ಲೈಟ್ ಹಾಕಬೇಡಿ. ಅದೇ ಬೋರ್ಡಿನ ಬೇರೆ ಪಾಯಿಂಟುಗಳನ್ನೂ ಹೀಗೇ ನೋಡಿ. ಎಲ್ಲವೂ ತಿರುವುಮುರುವಾಗಿದ್ದರೆ ಬೋರ್ಡಿಗೆ ಬರುವ ಫೇಸ್ ನ್ಯೂಟ್ರಲ್ಲೇ ಅದಲುಬದಲಾಗಿವೆ. ಒಂದೇ ಜಾಗದಲ್ಲಿ ತೊಂದರೆಯಿದ್ದರೆ ಆ ಪಾಯಿಂಟಿನ ಜೋಡಣೆಯಲ್ಲಿ ತಪ್ಪಾಗಿದೆ. ಈ ವಿವರ ಹೇಳಿದರೆ ಎಲೆಕ್ಟ್ರಿಷಿಯನ್ನಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ನಿಮ್ಮದು 1988ರ ಮನೆಯಾದ್ದರಿಂದ ಮೀಟರ್ ಬೋರ್ಡಿನಲ್ಲಿ ಇನ್ನೊಂದು ನೋಡಬೇಕು. ಪಿಂಗಾಣಿಯ ಎರಡು ಕಟೌಟ್ ಅಕ್ಕಪಕ್ಕ ಇದ್ದು, ಎರಡರಲ್ಲೂ ಫ್ಯೂಸ್ ತಂತಿ ಕಟ್ಟಿದ್ದಾರೆಯೇ? ಹಾಗಿದ್ದರೆ ನ್ಯೂಟ್ರಲಿಗೂ ಫ್ಯೂಸ್ ಇದೆ ಎಂದಾಯಿತು. ನ್ಯೂಟ್ರಲಿನ ಫ್ಯೂಸ್ ಸುಟ್ಟರೆ ಮನೆಯೆಲ್ಲ ಕತ್ತಲಾಗುತ್ತದೆ, ಆದರೆ ಪ್ರತಿ ಪಾಯಿಂಟಿನಲ್ಲೂ ಫೇಸ್ ಕಾಯುತ್ತಿರುತ್ತದೆ. ಕರೆಂಟ್ ಇಲ್ಲ ಎಂದುಕೊಂಡು ವೈರ್ ಹಿಡಿದವರ ಗತಿ ನೀವೇ ಊಹಿಸಿ. ಆ ಕಟೌಟುಗಳನ್ನು ತೆಗೆಸಿ, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೇ ಕಡಿಯುವ ಡಬಲ್ ಪೋಲ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಅದರ ಜೊತೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿಕೊಳ್ಳಿ. ಈ ಇಡೀ ಉತ್ತರದಲ್ಲಿ ಹಣ ಖರ್ಚು ಮಾಡಲೇಬೇಕು ಎಂದು ನಾನು ಒತ್ತಾಯಿಸುವುದು ಇದೊಂದಕ್ಕೆ.

ಈಗ ಆ ಎರಡು ಕಪ್ಪು ವೈರ್‌ಗಳನ್ನೇ ಹತ್ತಿರದಿಂದ ನೋಡೋಣ. ಎರಡೂ ಆಫ್ ಇರುವಾಗ ಒಂದು ವೈರನ್ನು ತುದಿಯಿಂದ ಎರಡು ಇಂಚು ಹಿಂದೆ ಹಿಡಿದು ನಿಧಾನವಾಗಿ ಬಾಗಿಸಿ. ಪಿವಿಸಿ ಹೊದಿಕೆ ಮೆತ್ತಗೆ ಬಾಗಿದರೆ ಅದು ಇನ್ನೂ ಚೆನ್ನಾಗಿದೆ. ಹಪ್ಪಳದಂತೆ ಸೀಳು ಬಿಟ್ಟು ಚೂರು ಉದುರಿದರೆ ಆ ವೈರಿನ ಆಯುಷ್ಯ ಮುಗಿದಿದೆ. 60 ವಾಟಿನ ಬಲ್ಬ್ ಮುಚ್ಚಿದ ಡೂಮಿನೊಳಗೆ ವರ್ಷಗಟ್ಟಲೆ ಉರಿದಾಗ ಮೇಲಿನ ವೈರ್ ತುದಿ ಬೇಯುತ್ತದೆ, ಹಾಗಾಗಿ ಮೊದಲ ನಾಲ್ಕೈದು ಇಂಚು ಹಾಳಾಗಿ ಒಳಗಿನದು ಸರಿ ಇರುವುದು ಸಾಮಾನ್ಯ. ಪೈಪಿನಿಂದ ಇನ್ನಷ್ಟು ಉದ್ದ ಜಗ್ಗಲು ಬಂದರೆ ಬೆಂದ ತುದಿ ಕತ್ತರಿಸಿ ಹಾಕಬಹುದು. ಬರದಿದ್ದರೆ ಹೊಸ ವೈರ್ ಎಳೆಸಬೇಕು. ಹಳೇ ವೈರಿನ ತುದಿಗೇ ಹೊಸದನ್ನು ಕಟ್ಟಿ ಸ್ವಿಚ್ ಬೋರ್ಡಿನ ಕಡೆಯಿಂದ ಜಗ್ಗಿದರೆ ಪೈಪ್ ಕಟ್ಟಿಕೊಂಡಿಲ್ಲದಿದ್ದಲ್ಲಿ ಬಂದೇಬಿಡುತ್ತದೆ. 1.5 ಚದರ ಮಿ.ಮೀ. ತಾಮ್ರದ ಎಫ್‌ಆರ್ (ಬೆಂಕಿ ಬೇಗ ಹರಡದ ಹೊದಿಕೆಯ) ವೈರ್ ಇರಲಿ. ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಜೊತೆಗೇ ಅರ್ತಿಂಗಿಗೆ ಹಸಿರು. ಮೂರನ್ನೂ ಒಂದೇ ಸಲ ಎಳೆಸಿ.

ತಂತಿ ಬೆಳ್ಳಗೆ ಕಂಡರೆ ಚಾಕುವಿನ ತುದಿಯಿಂದ ಗೀರಿ. ಒಳಗೆ ಕೆಂಪು ಕಂಡರೆ ತವರ ಬಳಿದ ತಾಮ್ರ, ಚಿಂತೆಯಿಲ್ಲ. ಗೀರಿದಲ್ಲೂ ಬೆಳ್ಳಗೇ ಇದ್ದರೆ ಅಲ್ಯೂಮಿನಿಯಂ. ಆ ಕಾಲದ ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಅಪರೂಪವೇನಲ್ಲ. ಅದಕ್ಕೆ ಹೊಸ ಲೈಟಿನ ತಾಮ್ರದ ವೈರನ್ನು ಹೊಸೆದು ಟೇಪ್ ಸುತ್ತಿದರೆ, ಉಪ್ಪುಗಾಳಿಯ ತೇವ ಸೇರಿ ಎರಡು ಲೋಹಗಳ ನಡುವೆ ತುಕ್ಕು ಹುಟ್ಟುತ್ತದೆ, ಬಿಳಿ ಹಿಟ್ಟಿನಂಥದ್ದು. ಜಾಯಿಂಟ್ ಸಡಿಲವಾಗುತ್ತದೆ, ಬಿಸಿಯಾಗುತ್ತದೆ, ಲೈಟ್ ಮಿಟುಕತೊಡಗುತ್ತದೆ. ನೀವು ಲೈಟನ್ನು ಬೈಯುತ್ತೀರಿ. ಸ್ಕ್ರೂ ಇರುವ ಹಿತ್ತಾಳೆ ಕನೆಕ್ಟರಿನಲ್ಲಿ ಎರಡು ತುದಿಗಳೂ ಒಂದಕ್ಕೊಂದು ತಾಗದ ಹಾಗೆ ಎರಡು ಕಡೆಯಿಂದ ಹಾಕಿ ಬಿಗಿ ಮಾಡಿದರೆ ಸದ್ಯಕ್ಕೆ ಸಾಗುತ್ತದೆ. ಸರಿಯಾದ ಪರಿಹಾರ ಮಾತ್ರ ತಾಮ್ರಕ್ಕೆ ಬದಲಿಸುವುದೇ.

ಹಸಿರು ವೈರ್. ಪ್ಯಾನೆಲಿನ ಮೈ ಲೋಹದ್ದೋ ಪ್ಲಾಸ್ಟಿಕ್ಕಿನದೋ ಎಂದು ನೀವು ಬರೆದಿಲ್ಲ, ಆದರೆ ಹಸಿರು ವೈರ್ ಕೊಟ್ಟಿದ್ದಾರೆ ಎಂದರೆ ಲೋಹದ್ದೇ. ಒಳಗಿನ ಫೇಸ್ ಎಂದಾದರೂ ಮೈಗೆ ತಾಗಿದರೆ ಕರೆಂಟ್ ಹರಿದುಹೋಗಲು ದಾರಿ ಇರಲಿ ಎಂದೇ ಆ ವೈರ್ ಇರುವುದು. ಅದನ್ನು ಕಪ್ಪಿನ ಜೊತೆ ನ್ಯೂಟ್ರಲಿಗೆ ಕಟ್ಟುವ ಅಭ್ಯಾಸ ಕೆಲವರಿಗಿದೆ. ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ: ನ್ಯೂಟ್ರಲ್ ಹಿಂದೆಲ್ಲಾದರೂ ಕಡಿದ ಕ್ಷಣದಲ್ಲಿ ಲೈಟಿನ ಮೂಲಕವೇ ಬಂದ ಫೇಸ್ ಅದರ ಮೈಗೆ ಏರುತ್ತದೆ. ಸ್ಲ್ಯಾಬಿನ ಕಂಬಿಗೆ ಅಥವಾ ನೀರಿನ ಪೈಪಿಗೆ ಕಟ್ಟುವುದೂ ಬೇಡ. ಹಾಗೇ ಕತ್ತರಿಸಿ ಬಿಡುವುದೂ ನಿಮ್ಮ ಮನೆಗೆ ಹೊಂದುವುದಿಲ್ಲ, ಯಾಕೆಂದರೆ ಸ್ಲ್ಯಾಬ್ ಒದ್ದೆಯಾಗುತ್ತದೆ ಎಂದಿದ್ದೀರಿ.

ಎರಡು ದಾರಿ ಉಳಿಯುತ್ತವೆ. ಸ್ವಿಚ್ ಬೋರ್ಡಿನವರೆಗೆ ಅರ್ತಿಂಗ್ ಬಂದಿದ್ದರೆ ಅಲ್ಲಿಂದ ಹಸಿರು ವೈರ್ ಎಳೆಸಿಕೊಳ್ಳುವುದು ಒಂದು. ಮೂರು ಪಿನ್ನಿನ ಸಾಕೆಟ್ ಇದೆ ಎಂದ ಮಾತ್ರಕ್ಕೆ ಅರ್ತಿಂಗ್ ಇದೆ ಎಂದಲ್ಲ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇಲ್ಲದ ಸಾಕೆಟ್ಟುಗಳು ಬೇಕಾದಷ್ಟಿವೆ. ನಮ್ಮ ಚಿರೇಕಲ್ಲಿನ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ಗುಂಡಿಯೂ ನೆಪಕ್ಕಷ್ಟೇ ಆಗಿಬಿಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಗುಂಡಿಗೆ ನೀರು ಹಾಕುವುದು ಮರೆಯಬಾರದು, ಅರ್ತಿಂಗನ್ನು ಅಳೆಸುವುದಾದರೂ ಆಗಲೇ ಅಳೆಸಬೇಕು. ಮಳೆಗಾಲದಲ್ಲಿ ಅಳೆದರೆ ಎಂಥ ಗುಂಡಿಯೂ ಪಾಸಾಗುತ್ತದೆ. ಇನ್ನೊಂದು ದಾರಿ ಸುಲಭದ್ದು. ತಂದ ಪ್ಯಾನೆಲನ್ನು ಅಂಗಡಿಗೆ ವಾಪಸು ಕೊಟ್ಟು, ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿರುವ, ಪೂರ್ತಿ ಪಾಲಿಕಾರ್ಬೊನೇಟ್ ಮೈಯ ಲೈಟ್ ತನ್ನಿ. ಆ ಗುರುತು ಇದ್ದರೆ ಎರಡು ಪದರದ ಇನ್ಸುಲೇಶನ್ ಇದೆ, ಅರ್ತಿಂಗ್ ಬೇಕಿಲ್ಲ ಎಂದರ್ಥ. ನಿಮ್ಮ ಮನೆಗೆ ಇದನ್ನೇ ಹೇಳುತ್ತೇನೆ. ಸಮುದ್ರದ ಬದಿಯಲ್ಲಿ ಲೋಹದ ಮೈಗೆ ಬಳಿದ ಬಣ್ಣ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ, ಅದೂ ಒಂದು ಕಾರಣ.

ಬದಲಿಸುವಾಗಲೇ ಇನ್ನೂ ಕೆಲವು ವಿಷಯ ನೋಡಿಕೊಳ್ಳಿ. ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಪುಟ್ಟ ಸರ್ಕ್ಯೂಟ್) ಒಳಗೇ ಇರುವ, ಸ್ಲ್ಯಾಬಿನ ಮೇಲ್ಮೈಗೆ ಕೂರುವ ಮಾದರಿ ಬೇಕು. ಡ್ರೈವರ್ ಬೇರೆ ಡಬ್ಬಿಯಲ್ಲಿದ್ದರೆ ನಿಮ್ಮ ಹಳೇ ಜಂಕ್ಷನ್ ಬಾಕ್ಸಿನಲ್ಲಿ ಅದು ಹಿಡಿಸುವುದಿಲ್ಲ. ಡ್ರೈವರಿನ ವೋಲ್ಟೇಜ್ ವ್ಯಾಪ್ತಿ 100ರಿಂದ 300 ಎಂದಿದ್ದರೆ ಸಂಜೆ ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಮಿಟುಕುವುದಿಲ್ಲ. ಸರ್ಜ್ (ಒಮ್ಮೆಲೇ ನುಗ್ಗುವ ಹೆಚ್ಚಿನ ವೋಲ್ಟೇಜ್) ತಾಳಿಕೆ 2.5 ಕಿಲೋವೋಲ್ಟಿಗಿಂತ 4 ಇದ್ದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಒಳ್ಳೆಯದು. ಬೆಳಕಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 60 ವಾಟಿನ ಬಲ್ಬ್ ಕೊಡುತ್ತಿದ್ದದ್ದು ಸುಮಾರು 700 ಲ್ಯೂಮೆನ್, 18 ವಾಟಿನ ಒಳ್ಳೆಯ ಪ್ಯಾನೆಲ್ 1800ರ ಹತ್ತಿರ ಕೊಡುತ್ತದೆ. 12 ಅಡಿ ಚೌಕದ ಹಾಲಿಗೆ ಧಾರಾಳವಾಯಿತು. 6500 ಕೆಲ್ವಿನ್ನಿನ ನೀಲಿ ಛಾಯೆಗಿಂತ 4000 ಕಣ್ಣಿಗೆ ಹಿತ.

ಇನ್ನು ತೇವ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ತಾರಸಿಯಲ್ಲಿ ಎಲ್ಲೇ ಬಿರುಕಿರಲಿ, ಇಳಿದ ನೀರಿಗೆ ಸ್ಲ್ಯಾಬಿನೊಳಗಿನ ವೈರಿಂಗ್ ಪೈಪೇ ಸುಲಭದ ಕಾಲುವೆ. ನೀರು ಇಳಿದ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ತೊಟ್ಟಿಕ್ಕುವುದು ಲೈಟ್ ಪಾಯಿಂಟಿನಲ್ಲೇ, ಯಾಕೆಂದರೆ ಪೈಪಿನ ಬಾಯಿ ತೆರೆದಿರುವುದು ಅಲ್ಲಿ. ಡೂಮ್ ತೆಗೆದ ಜಾಗದಲ್ಲಿ ಪೈಪಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಅಂಚಿನಲ್ಲಿ ಉಪ್ಪಿನಂಥ ಬಿಳಿ ಗೆರೆ, ವೈರಿನ ಮೇಲೆ ಸುಣ್ಣದ ಪದರ, ಬಾಕ್ಸಿನ ತಳದಲ್ಲಿ ತುಕ್ಕಿನ ಬಟ್ಟಲಾಕಾರದ ಕಲೆ ಇದ್ದರೆ ನೀರು ಪೈಪಿನಿಂದಲೇ ಬರುತ್ತಿದೆ. ಸುತ್ತ ಮಾತ್ರ ಒದ್ದೆಯಾಗಿ ಬಾಕ್ಸ್ ಒಣಗಿದ್ದರೆ ಸ್ಲ್ಯಾಬ್ ಬರೀ ತೇವ ಹೀರುತ್ತಿದೆ.

ಪೈಪಿನಿಂದ ನೀರು ಬರುವುದಾದರೆ ಅಲ್ಲಿ ಯಾವ ಲೈಟೂ ಬೇಡ, ವಾಟರ್‌ಪ್ರೂಫ್ ಎಂದು ಬರೆದದ್ದೂ ಬೇಡ. ಹೊರಗಿನಿಂದ ಬೀಳುವ ನೀರಿಗೆ ಆ ಮೈ ತಡೆಯೊಡ್ಡುತ್ತದೆ, ವೈರ್ ಹಿಡಿದುಕೊಂಡು ಬೆನ್ನ ಹಿಂದಿನಿಂದ ಒಳಗಿಳಿಯುವ ನೀರಿಗೆ ಅಲ್ಲ. ಎರಡು ತುದಿಗೂ ಬೇರೆ ಬೇರೆ ಕನೆಕ್ಟರ್ ಮುಚ್ಚಿ, ಆ ಪಾಯಿಂಟಿನ ವೈರನ್ನು ಬೋರ್ಡಿನಲ್ಲೂ ಬಿಡಿಸಿಟ್ಟು, ಮೊದಲು ತಾರಸಿ ರಿಪೇರಿ ಮಾಡಿಸಿ. ಬರೀ ತೇವವಾದರೆ ಡಿಸೆಂಬರಿನಿಂದ ಮೇ ನಡುವೆ, ಸ್ಲ್ಯಾಬ್ ಒಣಗಿದಾಗ ಕೆಲಸ ಮಾಡಿ. ಟೆಸ್ಟರಿನ ಮಂದ ಬೆಳಕು ಮಳೆ ಬಿದ್ದ ದಿನ ಹೆಚ್ಚು, ಬಿಸಿಲಿನ ದಿನ ಕಡಿಮೆ ಎಂದಾಗುತ್ತಿದ್ದರೆ, ಬಲ್ಬಿನ ಪರೀಕ್ಷೆಯಲ್ಲಿ ಪಾಸಾದರೂ ಸುಮ್ಮನಿರಬೇಡಿ. ಒದ್ದೆ ಹೊದಿಕೆಯ ಮೂಲಕ ಫೇಸ್ ಸೋರುತ್ತಿದೆ. ಎಲೆಕ್ಟ್ರಿಷಿಯನ್ನಿಗೆ ಹೇಳಿ 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಸಾಧನ) ಹಾಕಿಸಿ. ವೈರ್ ವೈರಿನ ನಡುವೆ, ವೈರಿಗೂ ಅರ್ತಿಂಗಿಗೂ ನಡುವೆ ಒಂದು ಮೆಗಾ ಓಮಿಗಿಂತ ಕಡಿಮೆ ಬಂದರೆ ಆ ಪೈಪಿನ ವೈರ್ ಪೂರ್ತಿ ಬದಲಿಸಬೇಕು. ಮೆಗ್ಗರ್ ಹಾಕುವಾಗ ಆ ಲೈನಿನ ಎಲ್‌ಇಡಿಗಳನ್ನೂ ಇನ್ವರ್ಟರನ್ನೂ ಬಿಡಿಸಿರಬೇಕು, ಇಲ್ಲದಿದ್ದರೆ ಡ್ರೈವರ್ ಹಾಳಾದೀತು, ಅಳತೆಯೂ ಸುಳ್ಳು ಬಂದೀತು.

ಇಷ್ಟೆಲ್ಲ ಸರಿಬಂದ ಮೇಲೆ ಕೂರಿಸುವ ಕೆಲಸ. ಹಗಲಲ್ಲೇ ಮಾಡಿ. ಅಲ್ಯೂಮಿನಿಯಂ ಏಣಿ ಬೇಡ, ಮರದ್ದೋ ಫೈಬರಿನದೋ ಇರಲಿ. ಎರಡೂ ಆಫ್ ಮಾಡಿ ಹತ್ತಿ, ಕೈ ಹಾಕುವ ಮೊದಲು ಎರಡೂ ವೈರಿಗೆ ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಳ್ಳಿ.

ಹಳೇ ಡೂಮ್ ಮರದ ಗುಂಡು ಹಲಗೆಗೆ ಸ್ಕ್ರೂ ಮಾಡಿರಬಹುದು. ಆ ಮರದ ಮೇಲೆಯೇ ಹೊಸದನ್ನು ಕೂರಿಸುವ ಆಸೆ ಬೇಡ. ಗೆದ್ದಲು, ತೇವ ಎರಡರಲ್ಲಿ ಒಂದು ಅದನ್ನು ತಿಂದಿರುತ್ತದೆ. ಲೈಟಿನ ತಟ್ಟೆಯನ್ನು ಸ್ಲ್ಯಾಬಿಗೆ ಹಿಡಿದು ಪೆನ್ಸಿಲಿನಲ್ಲಿ ತೂತಿನ ಗುರುತು ಮಾಡಿ. ಗುರುತು ಮಾಡುವ ಮೊದಲು ಪೈಪು ಬಾಕ್ಸಿಗೆ ಯಾವ ಕಡೆಯಿಂದ ಬಂದಿದೆ ಎಂದು ಒಳಗೆ ನೋಡಿ, ಆ ಸಾಲಿನಲ್ಲಿ ತೂತು ಬರದಂತೆ ತಟ್ಟೆ ತಿರುಗಿಸಿ. ಡ್ರಿಲ್ ಬಿಟ್ಟು ಪೈಪಿನೊಳಗಿನ ವೈರ್ ಸೀಳುವುದು ಈ ಕೆಲಸದಲ್ಲಿ ಆಗುವ ಅತಿ ದುಬಾರಿ ತಪ್ಪು. ಡ್ರಿಲ್ಲಿಗೆ ಕರೆಂಟ್ ಬೇಕಲ್ಲ, ಅದಕ್ಕೆ ಆ ಹೊತ್ತಿಗೆ ಮೇನ್ ಹಾಕಲೇಬೇಕಾದರೆ ಲೈಟಿನ ಎರಡೂ ವೈರ್ ತುದಿಗೆ ಕನೆಕ್ಟರ್ ಮುಚ್ಚಿ, ಅವುಗಳನ್ನು ಬಾಕ್ಸಿನೊಳಗೆ ತಳ್ಳಿಡಿ, ಆ ಲೈನಿನ ಎಂಸಿಬಿ ಮಾತ್ರ ಕೆಳಗೇ ಇರಲಿ. ಬ್ಯಾಟರಿ ಡ್ರಿಲ್ ಸಿಕ್ಕರೆ ಈ ತಾಪತ್ರಯವೇ ಇಲ್ಲ.

6 ಮಿ.ಮೀ. ಬಿಟ್ಟಿನಲ್ಲಿ 40 ಮಿ.ಮೀ. ಆಳ ಸಾಕು. ಗಾರೆಯ ಪದರ ದಾಟಿ ಕಾಂಕ್ರೀಟಿನೊಳಗೆ ಒಂದಿಂಚಾದರೂ ಹೋಗಿರಬೇಕು, ಗಾರೆಯಲ್ಲಷ್ಟೇ ನಿಂತ ಪ್ಲಗ್ ತೇವಕ್ಕೆ ಕಳಚುತ್ತದೆ. ಬಿಟ್ ಗಕ್ಕನೆ ನಿಂತು ಮುಂದೆ ಹೋಗದಿದ್ದರೆ ಕಂಬಿ ಸಿಕ್ಕಿದೆ, ಅರ್ಧ ಇಂಚು ಸರಿಸಿ. ಪುಡಿ ಊದಿ ತೆಗೆದು ಪ್ಲಾಸ್ಟಿಕ್ ಪ್ಲಗ್ ಹೊಡೆಯಿರಿ, ಸ್ಟೇನ್‌ಲೆಸ್ ಸ್ಕ್ರೂ ಬಳಸಿ. ಲೈಟಿನ ಡಬ್ಬಿಯಲ್ಲಿ ಬರುವ ಹಳದಿ ಬಣ್ಣದ ಕಬ್ಬಿಣದ ಸ್ಕ್ರೂ ಕಾರವಾರದಿಂದ ಭಟ್ಕಳದವರೆಗೆ ಎಲ್ಲೂ ಬಾಳುವುದಿಲ್ಲ. ಎರಡನೇ ಮಳೆಗಾಲಕ್ಕೆ ತುಕ್ಕು ಸ್ಲ್ಯಾಬಿನ ಮೇಲೆ ಕಂದು ಕಣ್ಣೀರು ಸುರಿಸುತ್ತದೆ, ಮೂರನೆಯದಕ್ಕೆ ಬಿಚ್ಚಲು ಹೋದರೆ ತಲೆ ಮುರಿಯುತ್ತದೆ. ಪ್ಯಾನೆಲ್ ಅರ್ಧ ಕಿಲೋ ಕೂಡ ಇರುವುದಿಲ್ಲ, ಎರಡು ಸ್ಕ್ರೂ ಸಾಕು.

ಜೋಡಣೆ. ಸ್ವಿಚ್ಚಿನಿಂದ ಬಂದ ಫೇಸ್ ಯಾವುದೆಂದು ಪರೀಕ್ಷೆಯಲ್ಲಿ ತಿಳಿದಿದ್ದೀರಲ್ಲ, ಅದಕ್ಕೆ ಕೂಡಲೇ ಕೆಂಪು ಟೇಪಿನ ಒಂದು ಸುತ್ತು ಹಾಕಿ. ಮುಂದೆ ಬಿಚ್ಚುವವರಿಗೆ ನೀವು ಮಾಡುವ ಉಪಕಾರ ಅದು. ಪ್ರತಿ ತುದಿಯನ್ನೂ 10 ಮಿ.ಮೀ. ಸುಲಿಯಿರಿ, ಎಳೆಗಳು ಕಡಿಯಬಾರದು. ಹೊಸೆದು, ಒಮ್ಮೆ ಹಿಂದಕ್ಕೆ ಮಡಚಿ ಕನೆಕ್ಟರಿಗೆ ತೂರಿಸಿ. ಮಡಚದಿದ್ದರೆ ಸ್ಕ್ರೂ ತುದಿ ಎಳೆಗಳ ನಡುವೆ ಇಳಿದು ಅವನ್ನು ಕತ್ತರಿಸುತ್ತದೆ, ಹಿಡಿದಂತೆ ತೋರುತ್ತದೆ, ಹಿಡಿದಿರುವುದಿಲ್ಲ. ಬಿಗಿ ಮಾಡಿದ ಮೇಲೆ ಒಂದೊಂದೇ ವೈರನ್ನು ಜಗ್ಗಿ ನೋಡಿ. ಕನೆಕ್ಟರಿನ ಹೊರಗೆ ತಾಮ್ರ ಕಾಣಬಾರದು. ಬರೀ ಹೊಸೆದು ಟೇಪ್ ಸುತ್ತುವುದು ನಮ್ಮ ಹವೆಗೆ ಆಗಿಬರುವುದಿಲ್ಲ. ಸೆಕೆಗೆ ಅಂಟು ಕರಗಿ ಟೇಪ್ ತಾನಾಗಿ ಬಿಚ್ಚಿಕೊಂಡು, ಜಾಯಿಂಟ್ ಬೆತ್ತಲೆ ನಿಲ್ಲುತ್ತದೆ. ವೈರನ್ನು ಬಾಕ್ಸಿಗೆ ಮಡಚುವಾಗ ಕನೆಕ್ಟರಿಗಿಂತ ಕೆಳಗೆ ಒಂದು ಸಣ್ಣ ಕುಣಿಕೆ ತೂಗಲಿ. ತೇವ ಹನಿಗೂಡಿದರೂ ಕುಣಿಕೆಯ ತಳದಲ್ಲಿ ಬೀಳುತ್ತದೆ, ಕನೆಕ್ಟರಿನೊಳಗೆ ಹೋಗುವುದಿಲ್ಲ. ತಟ್ಟೆಗೂ ಸ್ಲ್ಯಾಬಿಗೂ ನಡುವೆ ವೈರ್ ಸಿಕ್ಕಿಕೊಳ್ಳದಂತೆ ನೋಡಿ, ಲೈಟ್ ಕೂರಿಸಿ. ಅಂಚಿನ ಸುತ್ತ ತೆಳುವಾಗಿ ಸಿಲಿಕಾನ್ ಹಚ್ಚಿದರೆ ಹಲ್ಲಿ, ಇರುವೆ, ಮಳೆಹುಳ ಒಳಗೆ ಹೋಗುವುದಿಲ್ಲ, ಆದರೆ ಅರ್ಧ ಇಂಚಿನಷ್ಟು ಜಾಗ ಹಚ್ಚದೆ ಬಿಡಿ, ಒಳಗಿನ ತೇವಕ್ಕೆ ಹೊರದಾರಿ ಬೇಕು.

ಕರೆಂಟ್ ಹಾಕಿದ ಮೇಲೆ ಮೂರು ತೊಂದರೆ ಕಾಣಬಹುದು. ಸ್ವಿಚ್ ಆಫ್ ಮಾಡಿದರೂ ರಾತ್ರಿ ಲೈಟ್ ಮಸುಕಾಗಿ ಬೆಳಗುತ್ತಿದ್ದರೆ ಅದು ಅದೇ ಹಾರಿ ಬರುವ ವೋಲ್ಟೇಜಿನ ಕೆಲಸ, ಇಲ್ಲವೇ ಸ್ವಿಚ್ಚಿನಲ್ಲಿ ಪುಟ್ಟ ಕೆಂಪು ಇಂಡಿಕೇಟರ್ ಇರುವುದರಿಂದ. ಸ್ವಿಚ್ ಫೇಸಿನಲ್ಲಿದೆ ಎಂದು ಖಾತ್ರಿ ಇದ್ದರೆ ಅಪಾಯವಿಲ್ಲ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿದರೆ ಬಹಳ ಸಲ ನಿಲ್ಲುತ್ತದೆ. ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಲೈಟ್ ಗುಂಯ್‌ಗುಟ್ಟಿದರೆ ಇನ್ವರ್ಟರ್ ಸ್ಕ್ವೇರ್ ವೇವಿನದು (ಅದರ ಕರೆಂಟ್ ಮೇನ್ ಕರೆಂಟಿನಷ್ಟು ನಯವಾಗಿರುವುದಿಲ್ಲ), ಲೈಟಿನ ದೋಷವಲ್ಲ. ಲೈಟ್ ಹಾಕಿದೊಡನೆ ಆರ್‌ಸಿಸಿಬಿ ಬಿದ್ದರೆ, ಆ ಪಾಯಿಂಟಿನ ಫೇಸ್ ಒಂದು ಲೈನಿನದು, ನ್ಯೂಟ್ರಲ್ ಇನ್ನೊಂದರದು ಇರಬಹುದು. ಇನ್ವರ್ಟರನ್ನು ಆಮೇಲೆ ಸೇರಿಸಿದ ಮನೆಗಳಲ್ಲಿ ಹೀಗಾಗುತ್ತದೆ. ಅಥವಾ ತಟ್ಟೆಯಡಿ ವೈರ್ ಸಿಕ್ಕಿ ಹರಿದಿರಬಹುದು. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಂಚಿನ ಮನೆಯವರಿಗೂ ಒಂದು ಮಾತು. ಮರದ ಮುಚ್ಚಿಗೆಗೆ ಲೈಟ್ ಹಾಕುವುದಾದರೆ ಪ್ಲಗ್ ಬೇಡ, ಒಂದಿಂಚಿನ ಸ್ಕ್ರೂ ನೇರ ಮರಕ್ಕೇ ಕಚ್ಚುತ್ತದೆ. ಚಿಂತೆ ಇರುವುದು ಮೇಲೆ, ಅಟ್ಟದಲ್ಲಿ. ಅಲ್ಲಿ ಅಡಿಕೆ ಗೋಣಿ, ತೆಂಗಿನಕಾಯಿ ಸಿಪ್ಪೆ, ಒಣ ಕಸ ಇರುತ್ತದೆ, ಇಲಿ ಇದ್ದೇ ಇರುತ್ತದೆ. ತೆರೆದ ಜಾಯಿಂಟ್ ಅಲ್ಲಿ ಬೆಂಕಿಗೆ ಕೊಟ್ಟ ಆಹ್ವಾನ. ಕನೆಕ್ಟರ್‌ಗಳು ಮುಚ್ಚಳವಿರುವ ಬಾಕ್ಸಿನೊಳಗೇ ಇರಲಿ, ಅಟ್ಟದ ಮೇಲಿನ ವೈರ್ ಪೂರ್ತಿ ಪೈಪಿನೊಳಗೆ ಸಾಗಲಿ, ಮುಚ್ಚಿಗೆ ಕೊರೆದು ಕೂರಿಸುವ ಲೈಟ್ ಬೇಡ. ಅದರ ಬಿಸಿ ಬೆನ್ನಿನ ಮೇಲೆ ಯಾರಾದರೂ ಒಂದು ದಿನ ಗೋಣಿ ಇಡುತ್ತಾರೆ. ಹೊಗೆಯಿಂದ ಕಪ್ಪಾದ ಹಳೇ ಬ್ಯಾಟನ್ ವೈರಿಂಗ್ (ಮರದ ಪಟ್ಟಿಯ ಮೇಲೆ ಸಾಗುವ ವೈರ್) ಇದ್ದರೆ ರಬ್ಬರ್ ಹೊದಿಕೆ ಒಣಗಿ ಪುಡಿಯಾಗಿರುತ್ತದೆ, ಅದನ್ನು ಬಾಗಿಸಿ ನೋಡುವ ಪರೀಕ್ಷೆಯೂ ಬೇಡ, ನೀವು ಮುಟ್ಟದೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಬದಲಾಯಿಸಿಕೊಳ್ಳಿ.

ನಿಮ್ಮ ಹಾಲಿಗೆ ಬರುವುದಾದರೆ, ಲೈಟ್ ಹಾಕಿದ ಮೊದಲ ಜುಲೈನಲ್ಲಿ ಜೋರು ಮಳೆ ಎರಡು ದಿನ ಹಿಡಿದ ಮೇಲೆ ಒಮ್ಮೆ ಎರಡೂ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಕನೆಕ್ಟರಿನ ಸ್ಕ್ರೂ ತಲೆಯನ್ನು ಟಾರ್ಚಿನಲ್ಲಿ ನೋಡಿ. ಒಣಗಿ ಹೊಳೆಯುತ್ತಿದ್ದರೆ ಮುಚ್ಚಿಬಿಡಿ. ಹಸಿರು ಹಿಡಿದಿದ್ದರೆ ನೀರು ಇನ್ನೂ ಬರುತ್ತಿದೆ, ತಾರಸಿಯ ಕೆಲಸ ಬಾಕಿ ಇದೆ.